ಎಂಟನೆಯ ಲೈನಿನ ಲೆವೆಲ್ ಬುಕ್ಕು

೨೦೨೨ನೆಯ ಇಸವಿ ಸೆಪ್ಟೆಂಬರ್ ೧೨ನೆಯ ತಾರೀಕು, ಸೋಮವಾರ. ಭಾದ್ರಪದ ಬಹುಳ ಬಿದಿಗೆ. ಪಿತೃಪಕ್ಷ ಹಿಡಿದು ಎರಡನೆಯ ದಿನ. ಹುಬ್ಬೆ ಮಳೆ ಮುಗಿಯಲು ಒಂದು ದಿನವಷ್ಟೇ ಉಳಿದಿತ್ತು. ನಸುಕಿನಿಂದ ಹಿಡಿದಿದ್ದ ಜಿನುಗು ಹತ್ತು ಗಂಟೆಯ ಹೊತ್ತಿಗೆ ಬಿಟ್ಟು, ಮೈಸೂರು ಮೈನ್ಸಿನಲ್ಲಿ ಚಿನ್ನ ತೆಗೆದು ಸುರಿದ ಮರಳಿನ ಸೈನೈಡ್ ದಿಬ್ಬದ ಬೂದುಬಣ್ಣದ ಇಳಿಜಾರಿನ ಮೇಲೆ ತೆಳ್ಳನೆಯ ಬಿಸಿಲು ಹರಡಿತ್ತು. ಆಗ ಎಂಟನೆಯ ಲೈನಿನ ಕೊನೆಯ ಮನೆಯ ಮುಂದೆ ಒಂದು ಸ್ಕೂಟರು ಬಂದು ನಿಂತಿತು.

ಲೈನು ಎಂದರೆ ಚಿನ್ನದ ಗಣಿಯ ಕಂಪನಿ ತನ್ನ ಕೆಲಸಗಾರರಿಗಾಗಿ ಒಂದಕ್ಕೊಂದು ಗೋಡೆ ತಾಗಿಸಿ ಕಟ್ಟಿಸಿದ ಮನೆಗಳ ಸಾಲು. ಎಂಟನೆಯ ಲೈನಿನಲ್ಲಿ ಇಪ್ಪತ್ತನಾಲ್ಕು ಮನೆಗಳು. ಮೊದಲನೆಯದು ಡಾಂಬರು ರಸ್ತೆಗೆ ತಾಗಿಕೊಂಡಿದೆ. ಇಪ್ಪತ್ತನಾಲ್ಕನೆಯದರ ಬೆನ್ನಿಗೆ, ಒಂದು ಕಾಲದಲ್ಲಿ ಟ್ರಾಲಿ ಓಡುತ್ತಿದ್ದ ಮಣ್ಣಿನ ಕಟ್ಟೆ. ಆ ಕಟ್ಟೆಯ ಬುಡದಲ್ಲಿ ಕಲ್ಲಿನ ಮೋರಿಯೊಂದಿದೆ. ಲೈನಿನಲ್ಲಿ ಬಿದ್ದ ಮಳೆಯ ನೀರೆಲ್ಲ ಆ ಮೋರಿಯಲ್ಲಿ ನುಸುಳಿ ಕಟ್ಟೆಯಾಚೆಯ ರಾಜಕಾಲುವೆಯನ್ನು ಸೇರಬೇಕು. ಕಟ್ಟಿದವರ ಏರ್ಪಾಡು ಹಾಗಿತ್ತು.

ಇಪ್ಪತ್ತನಾಲ್ಕನೆಯ ಮನೆಯ ಯಜಮಾನರು ಆರುಮುಗಂ. ಹುಟ್ಟಿದ್ದು ೧೯೫೨ನೆಯ ಮೇ ೪ರಂದು. ೧೯೭೨ನೆಯ ಜುಲೈ ೧ರಂದು ಗಣಿಯ ಸರ್ವೆ ಕಚೇರಿಯಲ್ಲಿ ಅಳತೆಯ ಸರಪಳಿ ಹಿಡಿಯುವ ಆಳಾಗಿ ಸೇರಿದರು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಸೇವೆ ಇಪ್ಪತ್ತೆಂಟು ವರ್ಷ ಎಂಟು ತಿಂಗಳು. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಓದಿದ್ದು ಏಳನೆಯ ತರಗತಿಯಾದರೂ ಅಂಕಿಯನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದರು. ಸರ್ವೇಯರ್ ವಿಜಯಕುಮಾರ್ ಅವರು ಅದನ್ನು ಕಂಡು, ನೆಲಮಟ್ಟದ ಅಳತೆಯ ಅಂಕಿಗಳನ್ನು ಲೆವೆಲ್ ಬುಕ್ಕಿಗೆ ಏರಿಸುವ ಕೆಲಸವನ್ನು ಈ ಸರಪಳಿಯ ಆಳಿಗೇ ಒಪ್ಪಿಸಿದ್ದರು. ಗಣಿ ಮುಚ್ಚಿದ ದಿನ ಕಚೇರಿಯಿಂದ ಕೆಲವರು ಕುರ್ಚಿ ಹೊತ್ತರು, ಕೆಲವರು ಗಡಿಯಾರ ಹೊತ್ತರು. ಆರುಮುಗಂ ತಂದದ್ದು ತಾವೇ ಬರೆದ ಒಂದು ಲೆವೆಲ್ ಬುಕ್ಕು ಮಾತ್ರ, ಅದೂ ವಿಜಯಕುಮಾರ್ ಅವರನ್ನು ಕೇಳಿ.

ಮನೆಯೊಳಗೆ ಕಬ್ಬಿಣದ ಮಂಚದ ಮೇಲೆ ಹೆಂಡತಿ ಕನಕಮ್ಮ. ೨೦೨೦ನೆಯ ಆಗಸ್ಟ್ ೮ರಂದು ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಯಿತು, ಉಳಿದದ್ದು ಮನೆಮಾತಾದ ತಮಿಳಿನ ಒಂದೇ ಒಂದು ಶಬ್ದ: "ವೇಂಡಾಂ." ಬೇಡ ಎಂದರ್ಥ. ಬೇಕು ಎನ್ನುವುದಕ್ಕೂ ಅದೇ, ನಗುವುದಕ್ಕೂ ಅದೇ, ಬೈಗುಳಕ್ಕೂ ಅದೇ. ಕಿಟಕಿಯ ಹೊರಗೆ ಲೈನಿನ ನಲ್ಲಿ. ಬೆಳಿಗ್ಗೆ ನೀರು ಬಂದಾಗ ಹೆಂಗಸರು ಕೊಡ ಇಟ್ಟು, ಕಿಟಕಿಯ ಸರಳು ಹಿಡಿದು ಊರಿನ ಸಮಾಚಾರವನ್ನೆಲ್ಲ ಕನಕಮ್ಮನಿಗೆ ಒಪ್ಪಿಸುವರು. "ಮೂರನೇ ಮನೆಯೋನು ಮತ್ತೆ ಕುಡ್ದು ಬಂದವ್ನೆ ಅಕ್ಕಾ" ಎಂದರೆ ಒಳಗಿನಿಂದ ಛೀಮಾರಿಯ "ವೇಂಡಾಂ". "ಅಂಬಿಕ ಬಸುರಿ ಅಂತೆ" ಎಂದರೆ ಕುಣಿದಾಡುವ "ವೇಂಡಾಂ". ಆ ಕಿಟಕಿಯಿಂದ ಆಕೆಯನ್ನು ಸರಿಸಿದರೆ ಆ ಒಂದು ಶಬ್ದವೂ ನಿಂತುಹೋದೀತೆಂಬುದು ಆರುಮುಗಂ ಅವರ ಭಯ.

ಭಯಕ್ಕೆ ಕಾರಣವಿತ್ತು. ೨೦೨೧ನೆಯ ನವೆಂಬರ್ ೧೯, ಶುಕ್ರವಾರ, ಕಾರ್ತಿಕ ಹುಣ್ಣಿಮೆಯಂದು, ದಿಬ್ಬದಿಂದ ಕೊಚ್ಚಿಬಂದ ಮರಳು ರಾಜಕಾಲುವೆಯಲ್ಲಿ ತುಂಬಿ, ಕಾಲುವೆಯ ನೀರು ಮೋರಿಯೊಳಗಿಂದ ಹಿಮ್ಮುಖವಾಗಿ ಲೈನಿಗೆ ನುಗ್ಗಿತ್ತು. ಇಪ್ಪತ್ತನಾಲ್ಕನೆಯ ಮನೆಯಲ್ಲಿ ಮಂಚದ ಪಟ್ಟಿಯ ತನಕ ನೀರು. ಮಗಳು ಇಂದ್ರಾಣಿ ಅಂದೇ ಹಟ ಹಿಡಿದಳು. ಗಂಡನನ್ನು ಕಳೆದುಕೊಂಡು ೨೦೧೬ರಲ್ಲಿ ತವರಿಗೆ ಮರಳಿದ್ದ ಆಕೆ ಬಂಗಾರಪೇಟೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸಕ್ಕಿದ್ದಳು.

"ಅಪ್ಪಾ, ಅಲ್ಲೇ ಒಂದು ಮನೆ ಹಿಡಿಯೋಣ. ಮಹಡಿ ಮೇಲಿನ ರೂಮು. ನೀರು ಏರಿ ಬಂದ್ರೂ ಮೆಟ್ಟಿಲು ಎಣಿಸ್ಕೊಂಡು ಬರಬೇಕು."

ಮಂಚದಿಂದ "ವೇಂಡಾಂ" ಎಂದು ಕೇಳಿಸಿತು. ಅದು ನಿಜವಾಗಿಯೂ ಬೇಡವೇ ಎಂದು ತಿಳಿಯಲು ಯಾರಿಗೂ ಕಷ್ಟವಾಗಲಿಲ್ಲ.

"ಇನ್ನೊಂದು ಸಲ ನೀರು ಬಂದ್ರೆ ಹೋಗೋಣ" ಎಂದರು ಆರುಮುಗಂ. ಆಮೇಲೆ ಹೆಂಡತಿಯ ಬಳಿ ಕುಳಿತು, "ಬರೋದಿಲ್ಲ. ಬರೋಕೆ ಬಿಡೋದಿಲ್ಲ" ಎಂದು ಎಡಗೈ ಮುಟ್ಟಿ ಮಾತು ಕೊಟ್ಟರು.

ಈ ಮಾತಿನ ಭಾರ ಹೆಗಲ ಮೇಲಿದ್ದಾಗಲೇ ಆ ಸೋಮವಾರ ಸ್ಕೂಟರು ಬಂದದ್ದು. ಇಳಿದವನು ಚಲಪತಿ, ಕಾಮಸಮುದ್ರದ ಕಡೆಯವನು, ಇಪ್ಪತ್ತೊಂಬತ್ತು ವರ್ಷದ ಕಿರಿಯ ಎಂಜಿನಿಯರು. ಪಟ್ಟಣದ ಮಳೆನೀರು ಚರಂಡಿಗಳಿಗೆಲ್ಲ ಒಂದು ಹೊಸ ಯೋಜನೆ ಸಿದ್ಧಪಡಿಸಲು ತಾತ್ಕಾಲಿಕವಾಗಿ ತೆರೆದಿದ್ದ ಕಚೇರಿಯಲ್ಲಿ ಅವನಿಗೆ ಕೆಲಸ.

"ಆರುಮುಗಂ ಅವರ ಮನೆ ಇದೇನಾ?"

ಪಕ್ಕದ ಮನೆಯ ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಮುನಿಶಾಮಮ್ಮ ಮೊರದಿಂದ ತಲೆಯೆತ್ತಿದರು. ಕ್ಯಾಸಂಬಳ್ಳಿ ಕಡೆಯಿಂದ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ಊರ ಮಾತು ಬಿಡದ ಹೆಂಗಸು. "ಇದೇ ಕಣಪ್ಪ. ಒಳಗವ್ನೆ ನಮ್ಮಣ್ಣ. ಚಪ್ಪಲಿ ಬಿಟ್ಟು ಓಗು. ಇಲ್ಲಾಂದ್ರೆ ಅದಕ್ಕೂ ತಾರೀಕು ಆಕಿ ಬರ್ಕೊಂಡಾನು."

ಚಲಪತಿ ನಗುತ್ತಲೇ ಒಳಗೆ ಬಂದು ಚಾಪೆಯ ಮೇಲೆ ಕುಳಿತ. "ತಾತ, ರೋಡಿನಿಂದ ಈಚೆಗೆ ನಮ್ಮ ನಕ್ಷೆ ಖಾಲಿ. ಮೇಲಿಂದ ಡ್ರೋನ್ ಬಿಟ್ಟು ಫೋಟೋ ತೆಗೆಸಿದ್ರು. ಶೀಟು, ಹುಣಸೆಮರ, ಒಣಗಾಕಿದ ಸೀರೆ, ಇಷ್ಟೇ ಕಾಣೋದು. ನೆಲದ ಮಟ್ಟ ಸಿಗ್ತಿಲ್ಲ. ಕಂಪನಿಯ ಹಳೇ ಪ್ಲಾನುಗಳ ರೂಮಿಗೆ ಬೀಗ. ಮೂರು ಪತ್ರ ಬರೆದ್ವಿ, ಉತ್ತರ ಇಲ್ಲ."

"ಅಳೆಯೋ ಯಂತ್ರ ಇಲ್ವಾ ತಂಬಿ?"

"ಇರೋದೊಂದು. ಅದು ಬಂಗಾರಪೇಟೆ ಕಡೆ ಹೋಗಿದೆ. ಮೂವತ್ತನೇ ತಾರೀಕಿನೊಳಗೆ ಪ್ಲಾನ್ ಕಳಿಸದಿದ್ರೆ ಈ ಲೈನು ಬಿಟ್ಟುಹೋಗುತ್ತೆ. ನಿಮ್ಮ ಹತ್ರ ಒಂದು ಪುಸ್ತಕ ಇದೆ ಅಂದ್ರು."

ಆರುಮುಗಂ ಎದ್ದು ಕೈ ತೊಳೆದರು. ದೇವರ ಗೂಡಿನಲ್ಲಿ ಮುರುಗನ ಪಟದ ಹಿಂದಿದ್ದ ಪುಸ್ತಕವನ್ನು ತೆಗೆದು ಪಂಚೆಯ ತುದಿಯಿಂದ ಒರೆಸಿ ಕೊಟ್ಟರು. ೧೯೮೪ನೆಯ ಫೆಬ್ರವರಿಯಿಂದ ಏಪ್ರಿಲಿನವರೆಗೆ, ಲೈನುಗಳ ಚರಂಡಿ ರಿಪೇರಿಗೆಂದು ವಿಜಯಕುಮಾರ್ ಅಳೆದು ಆರುಮುಗಂ ಬರೆದದ್ದು. ಐವತ್ತಡಿಗೊಂದು ಅಂಕಿ. ಎಂಟನೆಯ ಲೈನಿಗೆ ಹದಿಮೂರು ಅಂಕಿ. ರಸ್ತೆಯ ತುದಿಯಲ್ಲಿ ೧೧.೨ ಅಡಿ, ಮೋರಿಯ ತುದಿಯಲ್ಲಿ ೧೪.೩ ಅಡಿ.

ಮೊದಲನೆಯ ಪುಟದಲ್ಲಿ ಅಂಕಿಗಳಿರಲಿಲ್ಲ. ಸರ್ವೆ ಕಚೇರಿಯಲ್ಲಿ ಆಯುಧಪೂಜೆಯ ದಿನ ಯಂತ್ರಗಳ ಜೊತೆಗೆ ಪುಸ್ತಕಗಳನ್ನೂ ಇಟ್ಟು ಪೂಜಿಸುವ ಪದ್ಧತಿ. ಗಣಿ ಮುಚ್ಚಿದ ಮೇಲೂ ಆರುಮುಗಂ ಮನೆಯಲ್ಲಿ ಅದನ್ನು ಬಿಟ್ಟಿರಲಿಲ್ಲ. ೧೯೮೪ರಿಂದ ೨೦೨೧ರ ತನಕ ಮೂವತ್ತೆಂಟು ಆಯುಧಪೂಜೆಗಳ ಅರಿಸಿನ ಕುಂಕುಮ ಆ ಪುಟದ ಮೇಲೆ ಚಕ್ಕೆಗಟ್ಟಿ ಕುಳಿತಿತ್ತು. ಅದರಡಿಯಲ್ಲಿ ಇಂಗ್ಲಿಷಿನ ಒಂದು ಸಾಲು ಇಣುಕುತ್ತಿತ್ತು.

"ಇದೇನ್ ತಾತ ಬರೆದಿರೋದು?"

"ಅದು ವಿಜಯಕುಮಾರ್ ಸಾರ್ ಕೈಬರಹ. ತಲೆಬರಹ. ಅಂಕಿ ಎರಡನೇ ಪುಟದಿಂದ."

ಚಲಪತಿ ಎರಡನೆಯ ಪುಟದಿಂದ ಒಂದೊಂದಾಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಹೊರಡುವಾಗ ಕಾಲಿಗೂ ನಮಸ್ಕರಿಸಿದ. "ಈ ಲೈನಿನ ಚರಂಡಿ ನಿಮ್ಮ ಪುಸ್ತಕದಿಂದಲೇ ಆಗೋದು ತಾತ."

"ಪಿತೃಪಕ್ಷದಾಗೆ ವಸ ಕೆಲ್ಸ ಮುಟ್ಟಬಾರ್ದು ಕಣಪ್ಪ" ಎಂದು ಮುನಿಶಾಮಮ್ಮ ಹೊರಗಿನಿಂದ ಕೂಗಿದರು.

"ಇದು ಹಳೇ ಕೆಲಸ ಮುನಿಶಾಮಮ್ಮ. ಮೂವತ್ತೆಂಟು ವರ್ಷ ಹಳೇದು" ಎಂದರು ಆರುಮುಗಂ. ಅಂದು ಅವರು ಎರಡು ಲೋಟ ಕಾಫಿ ಕುಡಿದರು. ಕನಕಮ್ಮನಿಗೂ ಚಮಚದಲ್ಲಿ ಕುಡಿಸಿ, ಚರಂಡಿ ಹೇಗೆ ಬರುತ್ತದೆ, ನೀರು ಹೇಗೆ ಹೋಗುತ್ತದೆ ಎಂದು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು.

ಕಡತ ಒಂದು ವರ್ಷ ನಾಲ್ಕು ತಿಂಗಳು ಓಡಾಡಿತು. ೨೦೨೪ನೆಯ ಜನವರಿ ೧೭, ಬುಧವಾರ, ಸಂಕ್ರಾಂತಿ ಕಳೆದ ಎರಡನೆಯ ದಿನ ಲೈನಿನಲ್ಲಿ ಗುದ್ದಲಿ ಬಿತ್ತು. ಎರಡಡಿ ಆಳದ ಕಾಂಕ್ರೀಟಿನ ಚರಂಡಿ, ಮನೆಗಳ ಮುಂದೆ ಉದ್ದಕ್ಕೂ. ಆರುಮುಗಂ ದಿನಾ ಕೆಲಸದವರಿಗೆ ಮಜ್ಜಿಗೆ ಕೊಟ್ಟರು. ಎಷ್ಟು ಅಡಿ ಮುಗಿಯಿತೆಂದು ಸಂಜೆ ಕನಕಮ್ಮನಿಗೆ ವರದಿ ಒಪ್ಪಿಸಿದರು. ಅದಕ್ಕೆ ಬರುತ್ತಿದ್ದ "ವೇಂಡಾಂ" ಮೆಚ್ಚುಗೆಯದು.

ಮಾರ್ಚ್ ೬, ಬುಧವಾರ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೆಲಸ ಕೊನೆಯ ಮನೆಯ ಹಿಂದಕ್ಕೆ ಬಂದಿತ್ತು. ಗಾರೆಯ ಹನುಮಪ್ಪ ಎಂಬವನು ಮೋರಿಯ ಬಾಯಿಗೆ ಕಂಬಿ ಕಟ್ಟಿ, ಹಲಗೆ ನಿಲ್ಲಿಸಿ, ಕಾಂಕ್ರೀಟು ಸುರಿದು ಗೋಡೆ ಎಬ್ಬಿಸಿದ್ದ. ಆರುಮುಗಂ ಕೈಯಲ್ಲಿದ್ದ ಮಜ್ಜಿಗೆಯ ಚೊಂಬು ಹಾಗೆಯೇ ಉಳಿಯಿತು.

"ಈ ಮೋರಿ ಯಾಕಪ್ಪ ಮುಚ್ಚಿದೆ?"

"ಪ್ಲಾನ್ನಾಗೈತೆ ಯಜಮಾನ್ರೇ. ಇಲ್ಲಿಂದ್ಲೇ ನೀರು ನುಗ್ತದಂತೆ. ಲೈನಿನ ನೀರು ಇನ್ಮೇಲೆ ರೋಡ್ ಕಡೀಕೆ ಓಯ್ತದಂತೆ."

"ರೋಡ್ ಕಡೆಗಾ? ನೀರು ಹತ್ತುತ್ತಾ?"

ಹನುಮಪ್ಪ ಸುತ್ತ ನೋಡಿ, ಗಾರೆಯ ಕೈ ತೊಳೆದ ಬಕೆಟ್ಟಿನ ನೀರನ್ನು ಹೊಸ ಚರಂಡಿಗೆ ಸುರಿದ. ನೀರು ರಸ್ತೆಯ ಕಡೆಗೆ ಒಂದು ಗೇಣೂ ಹೋಗಲಿಲ್ಲ. ಸುಮ್ಮನೆ ಹಿಂದಕ್ಕೆ ಹೊರಳಿ, ಹೊಸ ಗೋಡೆಯ ಬುಡಕ್ಕೆ ಬಂದು ನಿಂತಿತು.

"ನಮಗೂ ಕಣ್ಣವೆ ಯಜಮಾನ್ರೇ. ಮೊನ್ನೆ ಮೇಸ್ತ್ರಿಗೆ ಏಳ್ದೆ. 'ನೆಲದಿಂದ ಎರಡಡಿ ತೋಡು, ಕಟ್ಟು. ಮಿಕ್ಕಿದ್ದನ್ನ ಕಾಗ್ದ ನೋಡ್ಕೊಳ್ತದೆ' ಅಂದ."

ಮರುದಿನ ಆರುಮುಗಂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚರಂಡಿ ಕಚೇರಿಗೆ ಹೋದರು. ಚಲಪತಿ ಎದ್ದು ಕುರ್ಚಿ ಕೊಟ್ಟ. ದೊಡ್ಡ ಹಾಳೆಯೊಂದನ್ನು ಹರಡಿ ತೋರಿಸಿದ. "ನಿಮ್ಮ ಪುಸ್ತಕದ ಪ್ರಕಾರವೇ ತಾತ. ನೋಡಿ, ರೋಡಿನ ಹತ್ರ ಹನ್ನೊಂದು, ನಿಮ್ಮ ಮನೆ ಹತ್ರ ಹದಿನಾಲ್ಕು. ನಿಮ್ಮ ಕಡೆ ಮೂರಡಿ ಎತ್ತರ. ನೀರು ನಿಮ್ಮಿಂದ ರೋಡಿಗೆ ಇಳಿಯುತ್ತೆ. ಮೋರಿಯಿಂದ ನೀರು ಒಳಗೆ ಬಂತು ಅಂತ ಲೈನಿನವರೆಲ್ಲ ಹೇಳಿದ್ರಲ್ಲ? ಅದಕ್ಕೇ ಮುಚ್ಚಿಸಿದ್ವಿ."

ಆರುಮುಗಂ ಹಾಳೆಯ ಮೇಲೆ ತಮ್ಮದೇ ಹದಿಮೂರು ಅಂಕಿಗಳನ್ನು ಬೆರಳಿಟ್ಟು ಓದಿದರು. ಒಂದೂ ತಪ್ಪಿರಲಿಲ್ಲ. ಆಮೇಲೆ ಕೇಳಿದರು:

"ತಂಬಿ, ಎಂಬತ್ತನೇ ಲೆವೆಲ್ ಮೇಲೋ, ನೂರನೇ ಲೆವೆಲ್ ಮೇಲೋ?"

"ನೂರು ತಾನೇ ಮೇಲೆ?"

"ಮೈನ್ಸಿನಲ್ಲಿ ನೂರು ಕೆಳಗೆ."

ಚಲಪತಿಯ ಮುಖದಲ್ಲಿ ನಗು ಇನ್ನೂ ಇತ್ತು. ಅದರ ಅರ್ಥ ಮಾತ್ರ ಹೋಗಿತ್ತು. ಗಣಿಯವರ ಲೆಕ್ಕದಲ್ಲಿ ಗಣಿಯೊಳಕ್ಕೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ, ಬಾಯಿಯೇ ಸೊನ್ನೆ. ಅಲ್ಲಿಂದ ಕೆಳಕ್ಕೆ ಇಳಿದಷ್ಟೂ ಅಂಕಿ ದೊಡ್ಡದು. ವಿಜಯಕುಮಾರ್ ನೆಲದ ಮೇಲಿನ ಲೈನುಗಳನ್ನು ಅಳೆದಾಗಲೂ ಅದೇ ಸೊನ್ನೆಯಿಂದ ಕೆಳಕ್ಕೆ ಎಣಿಸಿದ್ದರು. ಹದಿನಾಲ್ಕು ಎಂದರೆ ಹದಿನಾಲ್ಕು ಅಡಿ ತಗ್ಗು. ಹುಟ್ಟಿದಾಗಿನಿಂದ ಇದನ್ನೇ ಕೇಳಿ ಬೆಳೆದ ಆರುಮುಗಂ ಅವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ತೋಚಿರಲಿಲ್ಲ. ಎತ್ತರವನ್ನೇ ಅಂಕಿಯಾಗಿ ಕಲಿತ ಚಲಪತಿಗೆ ಕೇಳಬೇಕೆಂದು ತೋಚಿರಲಿಲ್ಲ.

"ಎಲ್ಲಾದ್ರೂ ಬರೆದಿದೆಯಾ ತಾತ, ಇದು ಆಳದ ಅಂಕಿ ಅಂತ? ಬರೆದಿದ್ರೆ ಓದಿಕೊಂಡಿದ್ದು ತಪ್ಪಾಯ್ತು ಅಂತ ಇವತ್ತೇ ಟಿಪ್ಪಣಿ ಹಾಕ್ತೀನಿ. ಬರೀ ಮಾತಿನ ಮೇಲೆ ನಮ್ಮ ಸಾಹೇಬ್ರು ಕೆಲಸ ನಿಲ್ಲಿಸೋದಿಲ್ಲ."

"ಇದೆ. ಮೊದಲನೇ ಪುಟದಲ್ಲಿ. ಸಾರ್ ಕೈಬರಹ."

ಆ ಸಂಜೆ ಬಾಗಿಲ ಬೆಳಕಿನಲ್ಲಿ ಪುಸ್ತಕ ಬಿಚ್ಚಿ ಕುಳಿತರು. ಒಣ ಬಟ್ಟೆಗೆ ಕುಂಕುಮದ ಚಕ್ಕೆ ಬಿಡಲಿಲ್ಲ. ಬಟ್ಟೆಯನ್ನು ಒಂದಿಷ್ಟೇ ನೆನೆಸಿ, ಮಗುವಿನ ಮೂಗು ಒರೆಸುವಂತೆ ಮೆಲ್ಲಗೆ ಒರೆಸಿದರು. ಚಕ್ಕೆ ಕರಗಿತು. ಅದರೊಡನೆ ನಲವತ್ತು ವರ್ಷದ ಶಾಯಿಯೂ ಕರಗಿ ಬಟ್ಟೆಗೆ ಬಂತು. ಕೆಂಪು ಹಳದಿ ಕಲೆಯ ನಡುವೆ ಉಳಿದದ್ದು ವಿಜಯಕುಮಾರ್ ಅವರ ರುಜುವಿನ ಬಾಲ ಮಾತ್ರ.

ಇಂದ್ರಾಣಿ ಕೆಲಸದಿಂದ ಬಂದಾಗ ತಂದೆ ಒದ್ದೆ ಬಟ್ಟೆಯನ್ನು ಹಿಂಡದೆ, ಹಾಗೆಯೇ ಹಿಡಿದು ಕುಳಿತಿದ್ದರು.

"ಏನಪ್ಪಾ ಅದು?"

"ಸಾಕ್ಷಿ" ಎಂದರು.

ಮತ್ತೆ ಬರೆದುಕೊಡಲು ವಿಜಯಕುಮಾರ್ ಅವರು ಈಗ ಬದುಕಿರಲಿಲ್ಲ. ಆಗಲೂ ಆರುಮುಗಂ ಕೈಚೆಲ್ಲಲಿಲ್ಲ. ಯಂತ್ರ ತಂದು ಒಮ್ಮೆ ಅಳೆದರೆ ಮುಗಿಯಿತಲ್ಲ ಎಂದು ಚಲಪತಿಯನ್ನು ಕಾಡಿದರು. ಅವನು ಮಾರ್ಚ್ ೧೨ರಂದು ಟಿಪ್ಪಣಿ ಹಾಕಿಯೂ ಹಾಕಿದ. ಮಾರ್ಚ್ ೧೬, ಶನಿವಾರ, ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂತು. ಆರಂಭವಾದ ಕೆಲಸ ಮುಗಿಸಬಹುದು, ಬದಲಾಯಿಸುವಂತಿಲ್ಲ ಎಂದು ಮೇಲಿನವರು ಅರ್ಥ ಮಾಡಿದರು. ಹೀಗೆ, ತಪ್ಪು ಚರಂಡಿಯನ್ನು ಮುಗಿಸಲು ಅಡ್ಡಿಯಿರಲಿಲ್ಲ, ಸರಿಪಡಿಸಲು ಮಾತ್ರ ಇತ್ತು. ಏಪ್ರಿಲ್ ೪ರಂದು ಡಾಂಬರು ರಸ್ತೆಯ ದೊಡ್ಡ ಚರಂಡಿಗೂ ಲೈನಿನ ಚರಂಡಿಗೂ ಬಾಯಿ ಸೇರಿಸಿದರು. ಲೈನಿನ ನೀರು ರಸ್ತೆಗೆ ಹೋಗಲೆಂದು ತೆರೆದ ಬಾಯಿ ಅದು.

ಜೂನ್ ೬ರಂದು ನೀತಿಸಂಹಿತೆ ಮುಗಿಯಿತು. ಜೂನ್ ೧೦, ಸೋಮವಾರ, ಆರುಮುಗಂ ಮಗಳ ಕೈಯಲ್ಲಿ ಎರಡು ಪುಟದ ಅರ್ಜಿ ಬರೆಸಿಕೊಂಡು ಹೋದರು. ಚಲಪತಿಯ ಮೇಲಿನ ಅಧಿಕಾರಿ ಕೆಟ್ಟವರೇನಲ್ಲ. ಕುಳಿತುಕೊಳ್ಳಲು ಹೇಳಿ ಪೂರ್ತಿ ಓದಿದರು.

"ಸಾರ್, ತಾವೇ ಬಂದು ನಿಂತುಕೊಳ್ಳಿ. ಒಂದು ಕೊಡ ನೀರು ಸುರಿದು ತೋರಿಸ್ತೀನಿ. ಅಷ್ಟೇ ಸಾಕು."

"ಯಜಮಾನ್ರೇ, ಕೊಡದ ನೀರಿನ ಮೇಲೆ ಕಡತ ನಡೆಯೋದಿಲ್ಲ" ಎಂದರು ಅವರು. "ಇದು ತಪ್ಪು ಅಂತ ನಾನು ಬರೆದ್ರೆ ಇಡೀ ಪ್ಲಾನ್ ವಾಪಸ್ ಬರುತ್ತೆ. ಇನ್ನೂ ಹತ್ತು ಲೈನಿನ ಚರಂಡಿ ನಿಲ್ಲುತ್ತೆ. ಅವರಿಗೆ ಏನು ಹೇಳಲಿ?"

ಆರುಮುಗಂ ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟು ಎದ್ದುಬಂದರು. ಲಿಖಿತ ಉತ್ತರ ಜುಲೈ ೨ರ ತಾರೀಕು ಹೊತ್ತು ಅಂಚೆಯಲ್ಲಿ ಬಂತು. "ಸದರಿ ಲೈನಿನ ನೆಲಮಟ್ಟಗಳನ್ನು ಅರ್ಜಿದಾರರಾದ ತಾವೇ ದಿನಾಂಕ ೧೨-೦೯-೨೦೨೨ರಂದು ಸ್ವಇಚ್ಛೆಯಿಂದ ಒದಗಿಸಿರುವುದರಿಂದ, ಅವುಗಳ ಬಗ್ಗೆ ತಾವೇ ಎತ್ತಿರುವ ಆಕ್ಷೇಪಣೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ." ತಾರೀಕು ಸರಿಯಾಗಿತ್ತು. ಅದನ್ನು ಗಮನಿಸದಿರುವುದು ಅವರಿಂದ ಆಗಲಿಲ್ಲ.

ನಲ್ಲಿಯ ಬಳಿ ಸುದ್ದಿ ಹಬ್ಬಿತು. ಕೆಲವರು ಎದುರಿಗೇ ಆಡಿದರು. ಬಾಯಿಯೊಳಗೇ ಆಡಿಕೊಂಡವರು ಇನ್ನೂ ಹೆಚ್ಚು. "ತಾನೇ ಬರ್ಕೊಟ್ಟು ತಾನೇ ಮುಚ್ಚಿಸ್ದ" ಎಂದು ಮೂರನೆಯ ಮನೆಯವನು ಹೇಳಿದಾಗ ಮುನಿಶಾಮಮ್ಮ ಕೊಡವನ್ನು ಕುಕ್ಕಿ ಇಟ್ಟರು. "ಲೇ, ನೀನು ಕುಡ್ದಾಗ ನಿನ್ ಮನೆ ಯಾವ್ದು ಅಂತ್ಲೇ ಗೊತ್ತಾಗಲ್ಲ. ಮ್ಯಾಲೆ ಯಾವ್ದು ಕೆಳಗೆ ಯಾವ್ದು ಅಂತ ನೀನು ಏಳಾಕ್ ಬರ್ಬೇಡ ಕಣ್ಲಾ!" ಒಳಗಿನಿಂದ ಕನಕಮ್ಮ "ವೇಂಡಾಂ" ಎಂದರು. ಹೆಂಗಸರು ನಕ್ಕರು. ಆರುಮುಗಂ ನಗಲಿಲ್ಲ. ಅವರು ಮಂಚದ ಕಾಲುಗಳಿಗೆ ಇನ್ನೂ ಒಂದೊಂದು ಇಟ್ಟಿಗೆ ಕೊಡುತ್ತಿದ್ದರು. ಆಗಲೇ ಎರಡೆರಡು ಇದ್ದವು.

ಜುಲೈ ೨೪ರಂದು ಚಲಪತಿಗೆ ವರ್ಗವಾಯಿತು. ಹೋಗುವ ಮುಂಚೆ ಲೈನಿಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ತಾತ, ಅವತ್ತು ಒಂದು ಮಾತು ಕೇಳಬೇಕಾಗಿತ್ತು ನಾನು."

"ನಾನೂ ಒಂದು ಮಾತು ಹೇಳಬೇಕಾಗಿತ್ತು" ಎಂದರು ಆರುಮುಗಂ. "ಕಾಫಿ ಕುಡ್ಕೊಂಡು ಹೋಗು."

ಅವನು ಕುಡಿಯದೆ ಹೋದ.

ಆ ವರ್ಷ ಆಷಾಢ ಶ್ರಾವಣಗಳಲ್ಲಿ ಜಿನುಗು ಮಳೆಯೇ ಹೊರತು ಹರಿಯುವಂಥದ್ದು ಬರಲಿಲ್ಲ. ಪ್ರತಿ ಮಳೆಗೂ ಆರುಮುಗಂ ಛತ್ರಿ ಹಿಡಿದು ಹಿತ್ತಲಿಗೆ ಹೋಗಿ ಗೋಡೆಯ ಬುಡದಲ್ಲಿ ನಿಂತ ನೀರನ್ನು ಕಡ್ಡಿಯಿಟ್ಟು ಅಳೆದು ಬರುವರು. ಒಮ್ಮೆ ನಾಲ್ಕು ಅಂಗುಲ, ಒಮ್ಮೆ ಏಳು.

ಅಕ್ಟೋಬರ್ ೧೫, ಮಂಗಳವಾರ. ಚಿತ್ತಾ ಮಳೆ. ಬೆಳಗಿನಿಂದಲೂ ಆಕಾಶ ಕಾವಲಿಯಂತೆ ಕಪ್ಪಗಿತ್ತು. ಮಧ್ಯಾಹ್ನ ಎರಡೂಕಾಲಕ್ಕೆ ಹಿಡಿದ ಮಳೆ ಬಿಡುವ ಸೂಚನೆಯೇ ಕಾಣಲಿಲ್ಲ. ಇಂದ್ರಾಣಿ ಕಾರ್ಖಾನೆಯಲ್ಲಿದ್ದಳು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಡಾಂಬರು ರಸ್ತೆಯ ದೊಡ್ಡ ಚರಂಡಿ ತುಂಬಿ, ತನಗೆಂದು ತೆರೆದಿಟ್ಟ ಹೊಸ ಬಾಯಿಯಿಂದ ಲೈನಿನೊಳಕ್ಕೆ ತಿರುಗಿತು. ನಾಲ್ಕು ಬೀದಿಯ ನೀರು ಆರುನೂರು ಅಡಿ ಓಡಿ ಬಂದು, ಇಪ್ಪತ್ತನಾಲ್ಕನೆಯ ಮನೆಯ ಹಿಂದಿನ ಗೋಡೆಗೆ ಹಾಯ್ದು, ಹೋಗಲು ದಾರಿಯಿಲ್ಲದೆ ಮೇಲೇಳತೊಡಗಿತು.

ಆರುಮುಗಂ ಹಾರೆ ಹಿಡಿದು ಮೊಣಕಾಲುದ್ದದ ನೀರಿಗೆ ಇಳಿದರು. ಗೋಡೆಯ ಒಂದೇ ಜಾಗಕ್ಕೆ ಗುರಿಯಿಟ್ಟು ಹಾಕಿದರು. ಎಪ್ಪತ್ತೆರಡು ವರ್ಷದ ತೋಳು. ಏಳು ತಿಂಗಳು ಹದವಾಗಿ ಗಟ್ಟಿಯಾದ ಕಾಂಕ್ರೀಟು. ಹಾರೆ ಪ್ರತಿಸಲವೂ ಟಣ್ ಎಂದು ಹಿಂದಕ್ಕೆ ಎಗರಿ ಅಂಗೈಯ ಚರ್ಮ ಸುಲಿಯಿತು. ಹನುಮಪ್ಪ ಕೆಲಸ ಕೆಡಿಸುವವನಲ್ಲ. ಆ ಚರಂಡಿಯಲ್ಲಿ ಗಟ್ಟಿಯಾಗಿ, ಲಕ್ಷಣವಾಗಿ ಕಟ್ಟಿದ್ದೆಂದರೆ ಆ ಗೋಡೆಯೇ.

"ಏಯ್ ಆರುಮುಗಣ್ಣ! ಗ್ವಾಡೆ ಬಿಡು! ಎಂಡ್ತೀನ ಎತ್ತು ಬಾರಣ್ಣ!" ಮುನಿಶಾಮಮ್ಮ ಸೀರೆ ಎತ್ತಿಕಟ್ಟಿ ಹಿತ್ತಲ ಬಾಗಿಲಲ್ಲಿ ನಿಂತು ಕಿರುಚಿದರು.

"ಇನ್ನೊಂದೇ ಏಟು..."

"ನಿನ್ನ ಏಟು ಮಣ್ಣಾಗ! ನೀರು ಮಂಚಕ್ಕೆ ಬಂತು!"

ಹಾರೆ ಕೈಯಿಂದ ಜಾರಿ ನೀರಿನಲ್ಲಿ ಮುಳುಗಿತು. ಒಳಗೆ ಮೂರು ಇಟ್ಟಿಗೆಗಳೂ ಕಾಣುತ್ತಿರಲಿಲ್ಲ. ಮುನಿಶಾಮಮ್ಮ, ಅವರ ಸೊಸೆ ಅಂಬಿಕ, ಆರುಮುಗಂ, ಮೂರನೆಯ ಮನೆಯವನು, ಈ ನಾಲ್ವರು ಕನಕಮ್ಮನನ್ನು ಜಮಖಾನದಲ್ಲಿ ಸುತ್ತಿ ಮಂಚದ ಸಮೇತ ಎತ್ತಿದರು. ಆ ಹೊತ್ತಿಗೆ ಯಾರೂ ಯಾರನ್ನೂ ಹಂಗಿಸಲಿಲ್ಲ. ನಲ್ಲಿಯ ಮುಂದೆ ದಾಟುವಾಗ ಕನಕಮ್ಮ ಎಡಗೈ ಚಾಚಿ ನಲ್ಲಿಯ ಕಂಬವನ್ನು ಹಿಡಿದುಕೊಂಡರು.

"ವೇಂಡಾಂ" ಎಂದರು. "ವೇಂಡಾಂ, ವೇಂಡಾಂ."

ಆ ಶಬ್ದಕ್ಕೆ ಆರುಮುಗಂ ನಾಲ್ಕು ವರ್ಷಗಳಲ್ಲಿ ಹದಿನೈದು ಅರ್ಥಗಳನ್ನು ಕಲಿತಿದ್ದರು. ಅಂದು ಇದ್ದುದು ಮೊದಲಿನದೊಂದೇ. ಅವರು ಹೆಂಡತಿಯ ಬೆರಳುಗಳನ್ನು ಕಂಬದಿಂದ ಒಂದೊಂದಾಗಿ ತಾವೇ ಬಿಡಿಸಿದರು. ಮಂಚ ಲೈನಿನ ಉದ್ದಕ್ಕೂ, ನೀ‍ರಿಗೆ ಎದುರಾಗಿ, ರಸ್ತೆಯ ಬದಿಯ ಅಂಗನವಾಡಿಯ ಜಗಲಿಯ ಕಡೆಗೆ ಮೇಲೇರುತ್ತ ಹೋಯಿತು.

ರಾತ್ರಿ ಎಂಟರ ಬಸ್ಸಿನಲ್ಲಿ ಇಂದ್ರಾಣಿ ಬಂದು ತಾಯಿಯ ಕಾಲು ಒರೆಸಿದಳು. ಆಮೇಲೆ ತಂದೆಯ ಸುಲಿದ ಅಂಗೈಗೆ ಬಟ್ಟೆ ಕಟ್ಟಿದಳು.

ಆಮೇಲೆ ನಡೆದದ್ದು ಇಷ್ಟು. ೨೦೨೪ನೆಯ ಅಕ್ಟೋಬರ್ ೨೦, ಭಾನುವಾರ, ಮೂವರೂ ಬಂಗಾರಪೇಟೆಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲಿನ ಕೋಣೆಗೆ ಹೋದರು. ಮೆಟ್ಟಿಲು ಹತ್ತೊಂಬತ್ತು. ಆ ಕೋಣೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಮುನಿಶಾಮಮ್ಮ ಎರಡು ಸಲ ಬಂದು ನೋಡಿಕೊಂಡು ಹೋದರು. ಎರಡನೆಯ ಸಲ ಕನಕಮ್ಮ ಅವರ ಕೈ ಹಿಡಿದರು, ಆ ಒಂದು ಶಬ್ದವೂ ಬರಲಿಲ್ಲ. ೨೦೨೫ನೆಯ ಜನವರಿ ೯, ಗುರುವಾರ, ಬೆಳಿಗ್ಗೆ ಆರೂ ಹತ್ತಕ್ಕೆ ಕನಕಮ್ಮ ತೀರಿಕೊಂಡರು. ಮಣ್ಣು ಮಾಡಿದ್ದು ಮೈಸೂರು ಮೈನ್ಸಿನಲ್ಲೇ.

ಆ ವರ್ಷದ ಮಾರ್ಚ್ ೨೨ರಂದು ಕಚೇರಿಯವರು ಯಂತ್ರ ತಂದು ಎಂಟನೆಯ ಲೈನನ್ನು ಅಳೆದರು. ಮೋರಿಯ ತುದಿ ರಸ್ತೆಯ ತುದಿಗಿಂತ ಮೂರಡಿ ಒಂದು ಅಂಗುಲ ತಗ್ಗು ಎಂದು ಬಂತು. ಏಪ್ರಿಲ್ ೧೧ರಂದು ಗೋಡೆಯಲ್ಲಿ ಒಂದು ಕಿಂಡಿ ಕೊರೆದು ಒಂಬತ್ತು ಅಂಗುಲದ ಕೊಳವೆ ಇಟ್ಟರು. ಪೂರ್ತಿ ಮೋರಿ ತೆರೆಯುವ ಪ್ರಸ್ತಾವನೆ ಪರಿಶೀಲನೆಯಲ್ಲಿದೆ. ಇಪ್ಪತ್ತನಾಲ್ಕನೆಯ ಮನೆಯಲ್ಲಿ ಈಗ ಯಾರೂ ಇಲ್ಲ. ಆರುಮುಗಂ ಮಗಳೊಡನೆ ಬಂಗಾರಪೇಟೆಯಲ್ಲಿದ್ದಾರೆ. ೨೦೨೫ನೆಯ ಅಕ್ಟೋಬರ್ ೧, ಬುಧವಾರ, ಆಯುಧಪೂಜೆಯಂದು ಲೆವೆಲ್ ಬುಕ್ಕನ್ನು ಪೂಜೆಗೆ ಇಟ್ಟರು. ಕುಂಕುಮವನ್ನು ಪುಟಕ್ಕೆ ಹಚ್ಚದೆ ರಟ್ಟಿಗೆ ಹಚ್ಚಿದರು. ಮೊದಲನೆಯ ಪುಟದಲ್ಲಿ, ಕಲೆಯ ಮೇಲೆಯೇ, ತಮ್ಮ ಕೈಯಿಂದ ಒಂದು ಸಾಲು ಬರೆದು ಕೆಳಗೆ ತಾರೀಕು ಹಾಕಿದ್ದಾರೆ: "ಈ ಪುಸ್ತಕದ ಅಂಕಿಗಳೆಲ್ಲ ಶಾಫ್ಟಿನ ಬಾಯಿಂದ ಕೆಳಕ್ಕೆ."